ಸಿಂಗಲ್ ಫೇಸಿನಲ್ಲಿ ಹಳೆ ಜರ್ಮನ್ ಮಿಲ್ಲಿಂಗ್ ಮಷೀನ್ ಓಡಲ್ಲ ಅನ್ನೋದು ಪೂರ್ತಿ ನಿಜವಲ್ಲ

ಕಲಬುರಗಿಯ ಕೆಲವು ವಾಟ್ಸಾಪ್ ಗುಂಪುಗಳಲ್ಲಿ ಡೆಕೆಲ್ ಅನ್ನೋ ಜರ್ಮನ್ ಕಂಪನಿಯ ಮಿಲ್ಲಿಂಗ್ ಮಷೀನ್ (ಲೋಹ ಕತ್ತರಿಸುವ ಯಂತ್ರ) ಬಗ್ಗೆ ಒಂದು ಮಾತು ಓಡಾಡುತ್ತಿದೆ: 'ಡೆಕೆಲ್‌ನಂಥ ಹಳೆ ಮಷೀನ್ ಮನೆ ಕರೆಂಟಿಗೆ ಆಗಲ್ಲ, ತ್ರೀ ಫೇಸ್ ಮೀಟರ್ ತಗೊಳ್ಳಿ, ಇಲ್ಲ ಮೋಟಾರ್ ಬದಲಿಸಿ.' ಸುಮ್ನೆ ದುಡ್ಡು ಹಾಳು ಮಾಡಬೇಡಿ.

ಮೊದಲು ಮೋಟಾರಿನ ಪ್ಲೇಟ್ ಒರೆಸಿ ಓದಿ. 220/380 ವೋಲ್ಟ್ ಅಂತಿದ್ದರೆ ಅದು ಸ್ಟಾರಿನಲ್ಲಿ 380ಕ್ಕೆ, ಡೆಲ್ಟಾದಲ್ಲಿ 220ಕ್ಕೆ ಓಡುತ್ತದೆ (ಸ್ಟಾರ್, ಡೆಲ್ಟಾ ಅಂದರೆ ಮೋಟಾರಿನೊಳಗಿನ ಸುರುಳಿಗಳನ್ನು ಜೋಡಿಸುವ ಎರಡು ರೀತಿ). ಟರ್ಮಿನಲ್ ಪಟ್ಟಿಗಳನ್ನು ಡೆಲ್ಟಾಕ್ಕೆ ಬದಲಿಸಿ, ಸಿಂಗಲ್ ಫೇಸ್ 230 ತಗೊಂಡು ತ್ರೀ ಫೇಸ್ 230 ಕೊಡುವ ಎಲೆಕ್ಟ್ರಾನಿಕ್ ಡ್ರೈವ್, ಅಂದರೆ ವಿಎಫ್‌ಡಿ ಹಾಕಿದರೆ ಸಾಕು. ನಮ್ಮೂರಲ್ಲಿ ದಾಲ್ ಮಿಲ್ಲುಗಳಿಗೆ ಡ್ರೈವ್ ಕೂಡಿಸುವವರಿಗೆ ಇದೇನು ಹೊಸದಲ್ಲ.

ಆದರೆ 380/660 ಅಂತಿದ್ದರೆ, ಅಥವಾ ಎರಡು ಸ್ಪೀಡಿನ ಮೋಟಾರ್ ಇದ್ದರೆ, ಈ ದಾರಿ ಸಾಮಾನ್ಯವಾಗಿ ನಡೆಯಲ್ಲ. ಆ ಮಟ್ಟಿಗೆ ಆ ಮೆಸೇಜ್ ಸರಿ.

ವಿಎಫ್‌ಡಿಗೂ ಮೋಟಾರಿಗೂ ನಡುವೆ ಮಷೀನಿನ ಹಳೆ ಸ್ವಿಚ್ ಬಿಡಬೇಡಿ. ಓಡುವಾಗ ಆರಿಸಿದರೆ ಡ್ರೈವ್ ಸುಡಬಹುದು. ಇನ್ನು ನಮ್ಮ ಬಿಸಿಲು! ಬಹಳಷ್ಟು ಡ್ರೈವ್‌ಗಳು 40 ಡಿಗ್ರಿವರೆಗೆ ಮಾತ್ರ ಪೂರ್ತಿ ಲೋಡ್ ತಡೆಯುತ್ತವೆ. ಮೇ ತಿಂಗಳಲ್ಲಿ ತಗಡಿನ ಶೆಡ್ಡಿನೊಳಗೆ ಎಷ್ಟಿರುತ್ತೆ ಅಂತ ಗೊತ್ತಲ್ವಾ? ಒಂದು ಸೈಜ್ ದೊಡ್ಡದನ್ನೇ ತಗೊಳ್ಳಿ.