ಪರಿಣಾಮ ಆಮೇಲೆ, ಮೊದಲು ಅಲ್ಲಿ ಏನಿತ್ತು ಹೇಳಿ

ಗಣಿಯೋ ಅಣೆಕಟ್ಟೋ ಹೆದ್ದಾರಿಯೋ, ಯಾವುದೇ ಯೋಜನೆಯ ಪರಿಸರ ಪರಿಣಾಮ ವರದಿ ಕೈಗೆ ಸಿಕ್ಕರೆ ಜನ ಸೀದಾ ಕೊನೆಗೆ ಹೋಗುತ್ತಾರೆ. 'ಗಣನೀಯ ಪರಿಣಾಮ ಇಲ್ಲ' ಅಂತ ಬರೆದಿದ್ದಾರಾ ನೋಡುತ್ತಾರೆ. ಬರೆದಿದ್ದರೆ ಬೈಯುತ್ತಾರೆ. ಅಲ್ಲಿಗೆ ಮುಗಿಯಿತು. ಆದರೆ ಆಟ ನಡೆಯುವುದು ಕೊನೆಯಲ್ಲಿ ಅಲ್ಲವೇ ಅಲ್ಲ. ಶುರುವಿನಲ್ಲಿ 'ಈಗಿನ ಸ್ಥಿತಿ' ಅಂತ ಒಂದು ಅಧ್ಯಾಯ ಇರುತ್ತದೆ. ಬೇಸ್‌ಲೈನ್ ಅನ್ನುತ್ತಾರೆ. ಅದನ್ನು ಯಾರೂ ಓದುವುದಿಲ್ಲ, ಯಾಕೆಂದರೆ ತುಂಬಾ ಬೋರು. ಮಣ್ಣಿನ ಪಿಎಚ್, ಗಾಳಿಯ ದಿಕ್ಕು, ಪಕ್ಷಿಗಳ ಪಟ್ಟಿ, ಪುಟದ ಮೇಲೆ ಪುಟ ಕೋಷ್ಟಕ. ಆದರೆ ಆ ರಾಶಿಯ ನಡುವೆ 'ಪಾಳು ಭೂಮಿ' ಅನ್ನೋ ಒಂದು ಮಾತು ಬಂದುಬಿಟ್ಟರೆ ಮುಂದಿನ ಲೆಕ್ಕವೆಲ್ಲ ತಾನಾಗಿಯೇ ಕೂಡಿಬರುತ್ತದೆ. ಇಲ್ಲದ ಮರ ಕಡಿಯೋಕೆ ಬರಲ್ಲ, ಇಲ್ಲದ ಕೆರೆ ಮುಚ್ಚೋಕೆ ಬರಲ್ಲ ಅಲ್ವಾ? ನಷ್ಟ ಸೊನ್ನೆ.

ದೊಡ್ಡ ಯೋಜನೆಗೆ ಮುಂಚೆ ಪರಿಣಾಮ ಅಳೆಯಬೇಕು ಅನ್ನುವ ಕಾನೂನು ಮೊದಲು ಬಂದಿದ್ದು ಅಮೆರಿಕದಲ್ಲಿ. 1970ರ ಜನವರಿ 1ರಂದು ಅಲ್ಲಿನ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಗೆ ಸಹಿ ಬಿತ್ತು. ಈಗ ನೂರಕ್ಕೂ ಹೆಚ್ಚು ದೇಶಗಳಲ್ಲಿ ಇಂಥ ನಿಯಮ ಇದೆ. ತೊಡಕೂ ಜೊತೆಗೇ ಬಂದಿದೆ. ಬಹಳ ಕಡೆ ವರದಿ ಬರೆಸುವವರು ಯೋಜನೆ ತರುವವರೇ. ಅಳತೆ ಮಾಡಲು ಬರುವ ಸಂಸ್ಥೆಗೆ ದುಡ್ಡು ಕೊಡುವವರೂ ಅವರೇ. ಅಳೆಯುವವರೆಲ್ಲ ಕಳ್ಳರು ಅಂತ ನಾನು ಹೇಳುತ್ತಿಲ್ಲ, ಪ್ರಾಮಾಣಿಕವಾಗಿ ಬಿಸಿಲಲ್ಲಿ ಅಲೆದು ಗಿಡ ಎಣಿಸುವವರು ಎಷ್ಟೋ ಜನ ಇದ್ದಾರೆ, ಆದರೆ ಯಾವ ತಿಂಗಳಲ್ಲಿ ಹೋಗಬೇಕು, ಎಲ್ಲಿ ನಿಲ್ಲಬೇಕು, ಎಷ್ಟು ದಿನ ಇರಬೇಕು ಅನ್ನುವುದನ್ನು ದುಡ್ಡು ಕೊಡುವವರು ಒಪ್ಪಿಕೊಳ್ಳಬೇಕಲ್ಲ. ಬೇಸಿಗೆಯ ಕೊನೆಯಲ್ಲಿ ಹೋದರೆ ಎಂಥ ಜೌಗು ಪ್ರದೇಶವೂ ಪಾಳು ಭೂಮಿಯೇ.

ಯಾರು ಬೇಕಾದರೂ ತೆಗೆದು ನೋಡಬಹುದಾದ ಮಾಹಿತಿಯ, ಅಂದರೆ ಓಪನ್ ಡೇಟಾದ, ನಿಜವಾದ ಬೆಲೆ ನನಗೆ ಕಾಣುವುದು ಇಲ್ಲಿ. ಲ್ಯಾಂಡ್‌ಸ್ಯಾಟ್ ಅನ್ನುವ ಅಮೆರಿಕದ ಸರಣಿಯ ಉಪಗ್ರಹಗಳು 1972ರಿಂದ ಭೂಮಿಯ ಚಿತ್ರ ತೆಗೆಯುತ್ತಲೇ ಇವೆ. ಆ ಚಿತ್ರ ತೆಗೆದಾಗ ನೀವು ಜಗಳ ಆಡುತ್ತಿರುವ ಯೋಜನೆಗೆ ಹೆಸರೇ ಹುಟ್ಟಿರಲಿಲ್ಲ. ಪರವೂ ಇಲ್ಲ, ವಿರೋಧವೂ ಇಲ್ಲ. ತಲೆ ಮೇಲೆ ಹಾದುಹೋಗುವಾಗ ಸುಮ್ನೆ ಒಂದು ಚಿತ್ರ ತೆಗೆದುಕೊಂಡು ಹೋಗಿದೆ. 'ಮೊದಲು ಏನಿತ್ತು' ಅನ್ನುವ ಪ್ರಶ್ನೆಗೆ ಯಾರ ಹಂಗೂ ಇಲ್ಲದ ಉತ್ತರ ಅಂದರೆ ಇದೇ.

ಇದು ಮೊದಲಿನಿಂದ ಹೀಗೆ ಪುಕ್ಕಟೆ ಇರಲಿಲ್ಲ. 1980ರ ದಶಕದಲ್ಲಿ ಇದರ ಮಾರಾಟವನ್ನು ಖಾಸಗಿಯವರಿಗೆ ವಹಿಸಿದ್ದರು, ಒಂದೊಂದು ಚಿತ್ರದ ಬೆಲೆ 4,000 ಡಾಲರ್ ದಾಟಿತ್ತು. 1999ರಲ್ಲಿ ಲ್ಯಾಂಡ್‌ಸ್ಯಾಟ್ 7 ಬಂದಮೇಲೆ 600 ಡಾಲರ್ ಆಯಿತು. 2008ರಲ್ಲಿ ಇಡೀ ಭಂಡಾರವನ್ನು ಉಚಿತ ಮಾಡಿದರು. ಅದಕ್ಕೆ ಮುಂಚೆ ಮಾರಾಟ ಅತಿ ಹೆಚ್ಚಾಗಿದ್ದ 2001ರಲ್ಲೂ ದಿನಕ್ಕೆ ಸರಾಸರಿ 53 ಚಿತ್ರ ಹೋಗುತ್ತಿತ್ತು ಅಷ್ಟೇ. ಬಾಗಿಲು ತೆರೆದಮೇಲೆ ದಿನಕ್ಕೆ ಸಾವಿರಾರು. ಚಿತ್ರಗಳು ಅವೇ, ಆಕಾಶದಲ್ಲಿ ಏನೂ ಬದಲಾಗಲಿಲ್ಲ, ಕೌಂಟರ್ ಮುಚ್ಚಿದರು, ಅಷ್ಟೇ. 2015ರಿಂದ ಯುರೋಪಿನ ಸೆಂಟಿನೆಲ್-2 ಸೇರಿಕೊಂಡಿತು. ಈಗಿನ ಲ್ಯಾಂಡ್‌ಸ್ಯಾಟ್‌ನ ಒಂದು ಪಿಕ್ಸೆಲ್, ಅಂದರೆ ಚಿತ್ರದ ಒಂದು ಚುಕ್ಕಿ, ನೆಲದ ಮೇಲೆ 30 ಮೀಟರ್, ಸೆಂಟಿನೆಲ್‌ದು 10 ಮೀಟರ್. ಜೋಡಿ ಉಪಗ್ರಹಗಳಿಂದ ಐದು ದಿನಕ್ಕೊಮ್ಮೆ ಅದೇ ಜಾಗದ ಚಿತ್ರ.

ಕೋಡ್ ಬರೆಯೋಕೆ ಬರಬೇಕು ಅನ್ನುವ ಹೆದರಿಕೆ ಬೇಡ. ನೀರಿನಿಂದಲೇ ಶುರುಮಾಡಿ. ಗ್ಲೋಬಲ್ ಸರ್ಫೇಸ್ ವಾಟರ್ ಎಕ್ಸ್‌ಪ್ಲೋರರ್ ಅಂತ ಒಂದು ಜಾಲತಾಣ ಇದೆ, ಯುರೋಪಿಯನ್ ಕಮಿಷನ್ನಿನ ಸಂಶೋಧನಾ ಕೇಂದ್ರದ್ದು. ಲ್ಯಾಂಡ್‌ಸ್ಯಾಟ್‌ನ 30 ಲಕ್ಷ ಚಿತ್ರಗಳನ್ನು ಜಾಲಾಡಿ, 1984ರಿಂದ ಜಗತ್ತಿನಲ್ಲಿ ಎಲ್ಲೆಲ್ಲಿ ಯಾವ್ಯಾವ ತಿಂಗಳು ನೀರಿತ್ತು ಅಂತ ಗುರುತು ಮಾಡಿದ್ದಾರೆ. 2016ರಲ್ಲಿ ಪ್ರಕಟವಾದ ಕೆಲಸ. ನಕ್ಷೆ ತೆರೆದು ನಿಮಗೆ ಬೇಕಾದ ಜಾಗಕ್ಕೆ ಹೋಗಿ. ಕಡು ನೀಲಿ ಇದ್ದ ಕಡೆ ವರ್ಷವಿಡೀ ನೀರು. ಬಣ್ಣ ತಿಳಿಯಾದ ಕಡೆ ಕೆಲವು ತಿಂಗಳು ಮಾತ್ರ. ನನ್ನ ಪ್ರಕಾರ ಕಣ್ಣಿಡಬೇಕಾದ್ದು ಈ ಎರಡನೆಯ ಜಾಗದ ಮೇಲೆ. ವರ್ಷಕ್ಕೆ ನಾಲ್ಕು ತಿಂಗಳು ನೀರು ನಿಂತು ಆಮೇಲೆ ಒಣಗುವ ಜಾಗ ಕಾಗದದ ಮೇಲೆ ಕೆರೆಯೂ ಅಲ್ಲ, ಹೊಲವೂ ಅಲ್ಲ. ಮಣ್ಣು ಒಣಗಿದ್ದಾಗ ಹೋಗಿ ಅಳೆದವರ ವರದಿಯಲ್ಲಿ ಅದು 'ಖಾಲಿ ಜಾಗ'. ಆದರೆ ಮೂವತ್ತು ವರ್ಷದ ದಾಖಲೆಯಲ್ಲಿ ಅಲ್ಲಿ ಮತ್ತೆ ಮತ್ತೆ ನೀರು ನಿಂತಿದ್ದು ಕಾಣುತ್ತದೆ. ಪ್ರವಾಹದ ನೀರು ಹೋಗಿ ತಂಗುವ ಜಾಗವೇ ಅದು. ಅದನ್ನು ತುಂಬಿಸಿ ಎತ್ತರಿಸಿದರೆ ನೀರು ಬೇರೆ ಯಾರದೋ ಮನೆ ಹುಡುಕಿಕೊಂಡು ಹೋಗುತ್ತದೆ. ಈ ಒಂದು ನಕ್ಷೆ ಇಟ್ಟುಕೊಂಡು ಸಾರ್ವಜನಿಕ ಸಭೆಯಲ್ಲಿ 'ನೀವು ಅಳೆದಿದ್ದು ಯಾವ ತಿಂಗಳು ಸ್ವಾಮಿ?' ಅಂತ ಕೇಳಿ ನೋಡಿ. ಹತ್ತು ಘೋಷಣೆ ಕೂಗಿದರೂ ಬಾರದ ಮೌನ ಬರುತ್ತದೆ.

ಇದರ ಇನ್ನೊಂದು ಮಗ್ಗುಲೂ ಇದೆ. ಆ ನಕ್ಷೆಯಲ್ಲಿ ನೀರು ಕಾಣಲಿಲ್ಲ ಅಂದರೆ ನೀರಿಲ್ಲ ಅಂತ ಅಲ್ಲ. 30 ಮೀಟರ್ ಪಿಕ್ಸೆಲ್‌ನಲ್ಲಿ ಸಣ್ಣ ಹೊಂಡ, ಕಿರಿದಾದ ತೊರೆ ಸಿಗುವುದಿಲ್ಲ. ಮರದ ಕೆಳಗಿನ ನೀರು ಕಾಣುವುದಿಲ್ಲ. ಮೇಲೆಲ್ಲ ಜೊಂಡೋ ಕಳೆಯೋ ಹಬ್ಬಿದ್ದರೆ ಉಪಗ್ರಹದ ಕಣ್ಣಿಗೆ ಅದು ಹಸಿರು, ನೀರಲ್ಲ. ಕಂಡರೆ ಸಾಕ್ಷಿ, ಕಾಣದಿದ್ದರೆ ಏನೂ ಅಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ನಕ್ಷೆ ಹಿಡಿದು ಹೋದರೆ ಎದುರಿನವರು ಅದೇ ನಕ್ಷೆಯನ್ನು ನಿಮ್ಮ ಮೇಲೆ ತಿರುಗಿಸುತ್ತಾರೆ.

ಹಸಿರಿನ ಕಥೆ ಇದಕ್ಕಿಂತ ಗೋಜಲು. ಆರೋಗ್ಯವಾಗಿರುವ ಎಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ವಾಪಸ್ ಎಸೆಯುತ್ತದೆ. ಇವೆರಡರ ವ್ಯತ್ಯಾಸವನ್ನು ಇವೆರಡರ ಮೊತ್ತದಿಂದ ಭಾಗಿಸಿದರೆ ಮೈನಸ್ ಒಂದರಿಂದ ಒಂದರ ನಡುವೆ ಒಂದು ಅಂಕೆ ಬರುತ್ತದೆ. ಹಸಿರನ್ನು ಅಳೆಯುವ ಎನ್‌ಡಿವಿಐ ಅನ್ನುವ ಸೂಚ್ಯಂಕ ಅಂದರೆ ಇದೇ. ಕೊಪರ್ನಿಕಸ್ ಬ್ರೌಸರ್ ಅನ್ನುವ ಜಾಲತಾಣದಲ್ಲಿ ಒಂದು ಗುಂಡಿ ಒತ್ತಿದರೆ ಸೆಂಟಿನೆಲ್ ಚಿತ್ರವನ್ನು ಹೀಗೆ ಬಣ್ಣ ಹಾಕಿ ತೋರಿಸುತ್ತದೆ. ಕೆಲಸ ಸುಲಭ, ಮೋಸ ಅದಕ್ಕಿಂತ ಸುಲಭ. ಮಳೆಗಾಲ ಮುಗಿದ ತಕ್ಷಣದ ಚಿತ್ರ ಒಂದು, ಬೇಸಿಗೆಯ ಚಿತ್ರ ಒಂದು ಪಕ್ಕಪಕ್ಕ ಇಟ್ಟು 'ಅಂದು, ಇಂದು' ಅಂತ ಹಾಕಿದರೆ ಯಾವ ಬೆಟ್ಟವನ್ನಾದರೂ ಬೋಳಾಗಿಸಬಹುದು. ಎರಡನ್ನೂ ಅದಲುಬದಲು ಮಾಡಿದರೆ ಅದೇ ಬೆಟ್ಟಕ್ಕೆ ಹಸಿರು ಹೊದಿಸಲೂಬಹುದು. ಕಂಪನಿಗಳ ಕರಪತ್ರದಲ್ಲೂ ಹೋರಾಟಗಾರರ ಪೋಸ್ಟ್‌ಗಳಲ್ಲೂ ಇಂಥ ಜೋಡಿ ಚಿತ್ರಗಳು ಬೇಕಾದಷ್ಟು ಓಡಾಡುತ್ತವೆ. ಬೇರೆ ಬೇರೆ ವರ್ಷ, ಅದೇ ತಿಂಗಳು, ಮಳೆ ಹೆಚ್ಚುಕಮ್ಮಿ ಅಷ್ಟೇ ಆದ ವರ್ಷ. ಇಷ್ಟಿಲ್ಲದ ಹೋಲಿಕೆಯನ್ನು ನಾನು ಹೋಲಿಕೆ ಅಂತ ಒಪ್ಪುವುದಿಲ್ಲ, ಅದು ನನ್ನ ಕಡೆಯವರದ್ದೇ ಆದರೂ.

ಕಾಡಿನ ವಿಷಯಕ್ಕೆ ಬಂದರೆ ಗ್ಲೋಬಲ್ ಫಾರೆಸ್ಟ್ ವಾಚ್ ಅನ್ನುವ ಜಾಲತಾಣ ಇದೆ, 2014ರಿಂದ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಲ್ಯಾಂಡ್‌ಸ್ಯಾಟ್‌ನಿಂದ ತಯಾರಿಸಿದ ದತ್ತಾಂಶ ಅದರ ಬೆನ್ನೆಲುಬು. ಒಳ್ಳೆಯ ಸಾಧನ, ನಾನೂ ಜಾಸ್ತಿ ಬಳಸುವುದು ಅದನ್ನೇ. ಆದರೆ ಅದು ಅಳೆಯುವುದು ಕಾಡನ್ನಲ್ಲ, ಐದು ಮೀಟರ್‌ಗಿಂತ ಎತ್ತರದ ಮರದ ಹೊದಿಕೆಯನ್ನು. ನೂರಾರು ವರ್ಷದ ಕಾಡೂ ಅದೇ ಬಣ್ಣ, ಸಾಲಾಗಿ ನೆಟ್ಟ ನೀಲಗಿರಿ ತೋಪೂ ಅದೇ ಬಣ್ಣ. ಮಾಳಿಗೆ ಮೇಲೆ ನಿಂತು ಜಾತ್ರೆ ನೋಡಿದ ಹಾಗೆ, ತಲೆ ಎಣಿಸಬಹುದು, ಯಾರು ಯಾರ ಮನೆಯವರು ಅಂತ ಹೇಳೋಕಾಗಲ್ಲ. ಹಾಗಾಗಿ ನೆಡುತೋಪನ್ನು ಕೊಯ್ದರೂ ನಕ್ಷೆಯಲ್ಲಿ 'ನಷ್ಟ' ಅಂತ ಬರುತ್ತದೆ, ಅದನ್ನು ನೋಡಿ ಕಾಡು ನಾಶ ಅಂತ ಕೂಗಿದರೆ ಮರ್ಯಾದೆ ಹೋಗುತ್ತದೆ.

ನನಗೆ ಸಿಟ್ಟು ಬರುವುದು ಹುಲ್ಲುಗಾವಲಿನ ವಿಷಯದಲ್ಲಿ. ಅಲ್ಲಿ ಮರವೇ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಮರದ ನಕ್ಷೆಯಲ್ಲಿ ಅದು ಮೊದಲೇ ಸೊನ್ನೆ. ಅಲ್ಲಿ ಗುಂಡಿ ತೋಡಿ ಸಸಿ ನೆಟ್ಟು, ಹುಲ್ಲು ತಿನ್ನುವ ಪ್ರಾಣಿ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿ ಎಲ್ಲವನ್ನೂ ಓಡಿಸಿದರೂ ಲೆಕ್ಕದಲ್ಲಿ ಬರುವುದು 'ಹಸಿರು ಹೆಚ್ಚಳ'. ಹಾಳು ಮಾಡಿದ್ದಕ್ಕೆ ಶಹಬ್ಬಾಸ್ ಸಿಗುತ್ತದೆ. ಇಂಥ ಕಡೆ ಉಪಗ್ರಹ ಬಿಟ್ಟು ಐನ್ಯಾಚುರಲಿಸ್ಟ್, ಜಿಬಿಐಎಫ್ ಅನ್ನುವ ಜಾಲತಾಣಗಳ ಕಡೆ ಹೋಗಬೇಕು. ಯಾವ ಜೀವಿ ಎಲ್ಲಿ ಯಾವ ದಿನ ಕಂಡಿತು ಅನ್ನುವ ದಾಖಲೆ ಅಲ್ಲಿ ಸಿಗುತ್ತದೆ, ಹವ್ಯಾಸಿಗಳು ಹಾಕಿದ ಫೋಟೋದಿಂದ ಹಿಡಿದು ಹಳೇ ಮ್ಯೂಸಿಯಂ ಮಾದರಿಗಳವರೆಗೆ. ವರದಿಯ ಪಟ್ಟಿಯಲ್ಲಿ ಕಾಗೆ, ಗುಬ್ಬಿ ಮಾತ್ರ ಇದ್ದು, ಇಲ್ಲಿ ಅದೇ ಜಾಗದ ಬೇರೆ ಇಪ್ಪತ್ತು ಹಕ್ಕಿಗಳು ಸಿಕ್ಕರೆ ಪ್ರಶ್ನೆ ತಾನೇ ಎದ್ದು ನಿಲ್ಲುತ್ತದೆ. ಇಲ್ಲೂ ಅದೇ ಮಾತು, ಜನ ಓಡಾಡುವ ರಸ್ತೆ ಬದಿಯಲ್ಲಿ ದಾಖಲೆ ಹೆಚ್ಚು, ಯಾರೂ ಹೋಗದ ಕಡೆ ಏನೂ ಇಲ್ಲ. ದಾಖಲೆ ಇಲ್ಲ ಅಂದರೆ ಜೀವಿ ಇಲ್ಲ ಅಂತಲ್ಲ.

ಗಾಳಿಯ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 2017ರಲ್ಲಿ ಹಾರಿಸಿದ ಸೆಂಟಿನೆಲ್-5ಪಿ ಉಪಗ್ರಹದ ನೈಟ್ರೋಜನ್ ಡೈಆಕ್ಸೈಡ್ ನಕ್ಷೆ ನೋಡಲು ಭಯಂಕರ ಚೆನ್ನಾಗಿದೆ, ಆದರೆ ಅದರ ಒಂದು ಪಿಕ್ಸೆಲ್ ಅಂದರೆ ಸುಮಾರು 5.5 ಕಿಲೋಮೀಟರ್‌ಗೆ 3.5 ಕಿಲೋಮೀಟರ್. ಅದನ್ನು ತೋರಿಸಿ ಒಂದು ಚಿಮಣಿಯ ಮೇಲೆ ದೂರು ಹಾಕೋಕಾಗಲ್ಲ. ಮೇಲಾಗಿ ಅದು ಅಳೆಯುವುದು ನೆಲದಿಂದ ಮೇಲಿನವರೆಗಿನ ಗಾಳಿಯ ಇಡೀ ಕಂಬವನ್ನು, ನಿಮ್ಮ ಮೂಗಿನ ಮುಂದಿನದನ್ನಲ್ಲ. ಮೂಗಿನ ಮಟ್ಟದ್ದು ಬೇಕಾದರೆ ಓಪನ್‌ಎಕ್ಯೂ ಅನ್ನುವ ಜಾಲತಾಣ ನೋಡಿ, ಹಲವು ದೇಶಗಳ ಮಾಪನ ಕೇಂದ್ರಗಳ ಅಂಕಿಗಳು ಒಂದೇ ಕಡೆ ಸಿಗುತ್ತವೆ. ಪಿಎಂ 2.5, ಅಂದರೆ ಗಾಳಿಯಲ್ಲಿನ ಅತಿ ಸಣ್ಣ ಕಣಗಳು, ವಾರ್ಷಿಕ ಸರಾಸರಿ ಘನ ಮೀಟರ್‌ಗೆ 5 ಮೈಕ್ರೋಗ್ರಾಂ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಮನೆಯ ಕಿಟಕಿಗೆ ಹಾಕುವ ಅಗ್ಗದ ಸೆನ್ಸರ್ ಇದ್ದರೆ ಒಂದು ನೆನಪಿರಲಿ, ತೇವ ಜಾಸ್ತಿಯಾದರೆ ಧೂಳಿನ ಕಣ ನೀರು ಕುಡಿದು ಉಬ್ಬುತ್ತದೆ, ಅಂಕೆಯೂ ಉಬ್ಬುತ್ತದೆ.

ಇಷ್ಟೆಲ್ಲ ಮೇಲಿನಿಂದ ನೋಡುವುದಾಯಿತು. ಕಾರ್ಖಾನೆಯ ಒಳಗೆ ಏನಾಗುತ್ತಿದೆ ಅನ್ನುವುದು ಯಾವ ಉಪಗ್ರಹಕ್ಕೂ ಪೂರ್ತಿ ಕಾಣುವುದಿಲ್ಲ, ಅದನ್ನು ಕಾನೂನೇ ಬಾಯಿ ಬಿಡಿಸಬೇಕು. 1984ರಲ್ಲಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಭೋಪಾಲ್ ಅನಿಲ ದುರಂತ ಆಯಿತು. ಮರುವರ್ಷ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಅದೇ ಕಂಪನಿಯ ಕಾರ್ಖಾನೆಯಲ್ಲಿ ವಿಷಾನಿಲ ಸೋರಿತು. 1986ರಲ್ಲಿ ಅಲ್ಲೊಂದು ಕಾಯ್ದೆ ಬಂತು. ಯಾವ ವಿಷ ರಾಸಾಯನಿಕವನ್ನು ಎಷ್ಟು ಗಾಳಿಗೆ, ನೀರಿಗೆ, ಮಣ್ಣಿಗೆ ಬಿಟ್ಟಿರಿ ಅಂತ ಕಾರ್ಖಾನೆಗಳು ಪ್ರತಿವರ್ಷ ಹೇಳಬೇಕು, ಸರ್ಕಾರ ಅದನ್ನು ಕಂಪ್ಯೂಟರಿನಲ್ಲಿ ಜನರಿಗೆ ಸಿಗುವಂತೆ ಇಡಬೇಕು. ಜಾಲತಾಣ ಅನ್ನುವುದೇ ಇಲ್ಲದ ಕಾಲದಲ್ಲಿ ಬರೆದ ಮಾತು ಇದು. ಸಾವಿರಾರು ಜನ ಸತ್ತಿದ್ದು ಭೋಪಾಲದಲ್ಲಿ, ಪಕ್ಕದ ಕಾರ್ಖಾನೆಯ ಲೆಕ್ಕ ತೆರೆದು ನೋಡುವ ಹಕ್ಕು ಸಿಕ್ಕಿದ್ದು ಅಮೆರಿಕದವರಿಗೆ. ಇದನ್ನು ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಆ ಅಂಕಿಗಳೂ ಪೂರ್ತಿ ಸಾಚಾ ಅಲ್ಲ, ಎಷ್ಟೋ ಸಲ ಕಂಪನಿಯವರೇ ಹಾಕಿದ ಅಂದಾಜು. ಆದರೂ ಹೇಳಿದ್ದು ಬರಹದಲ್ಲಿದೆ, ಹೋದ ವರ್ಷ ಏನು ಹೇಳಿದ್ದರು ಅಂತ ಹಿಡಿದು ಕೇಳಬಹುದು.

ಒಂದು ಬಟನ್ ಒತ್ತಿದರೆ 'ನಿಮ್ಮ ಕಾರ್ಬನ್ ಹೆಜ್ಜೆಗುರುತು ಇಷ್ಟು' ಅಂತ ದಶಮಾಂಶದ ಮುಂದೆ ಎರಡು ಅಂಕಿವರೆಗೆ ಹೇಳುವ ಕ್ಯಾಲ್ಕುಲೇಟರ್‌ಗಳನ್ನು ಮಾತ್ರ ನಾನು ನಂಬುವುದಿಲ್ಲ. ಅವುಗಳ ಹೊಟ್ಟೆಯಲ್ಲಿ ಇರುವುದು ಸರಾಸರಿಗಳು. 2018ರಲ್ಲಿ ಪೂರ್ ಮತ್ತು ನೆಮೆಚೆಕ್ ಅನ್ನುವ ಇಬ್ಬರು 119 ದೇಶಗಳ ಸುಮಾರು 38,700 ಕೃಷಿ ಘಟಕಗಳ ಮಾಹಿತಿ ಕಲೆಹಾಕಿದ್ದರು. ಒಂದೇ ಆಹಾರ ಪದಾರ್ಥ ಬೆಳೆಯುವ ಇಬ್ಬರ ನಡುವೆ ಪರಿಣಾಮದಲ್ಲಿ 50 ಪಟ್ಟು ವ್ಯತ್ಯಾಸ ಇರಬಹುದು ಅಂತ ಅದರಲ್ಲಿ ಕಂಡಿತು. ಐವತ್ತು ಪಟ್ಟು! ಅದರ ಮೇಲೆ ಕೂತು ದಶಮಾಂಶ ಹೇಳುವುದು ತಮಾಷೆ. ಲೆಕ್ಕದ ಸೂತ್ರ, ಯಾವ ವರ್ಷದ ಅಂಕಿ, ಯಾವ ಜಾಗದ ಸರಾಸರಿ ಇವನ್ನು ತೆರೆದು ತೋರಿಸುವ ಸಾಧನ ಆದರೆ ಸರಿ, ಕಡೇಪಕ್ಷ ಜಗಳ ಆಡಬಹುದು.

ಜಗಳದ ಮಾತು ಬಂತಲ್ಲ, ನನ್ನ ದೊಡ್ಡ ತಕರಾರು ವರದಿಗಳ ರೂಪದ ಮೇಲೆ. ಉಪಗ್ರಹದ ಚಿತ್ರ ಇಡೀ ಜಗತ್ತಿಗೆ ತೆರೆದಿದೆ, ಆದರೆ ಯೋಜನೆಯ ಗಡಿ ಎಲ್ಲಿಂದ ಎಲ್ಲಿಗೆ ಅನ್ನುವುದು ಸ್ಕ್ಯಾನ್ ಮಾಡಿದ, ಮಸುಕಾದ, ಓರೆಯಾಗಿ ಕೂತ ಒಂದು ನಕ್ಷೆಯಲ್ಲಿ ಅಡಗಿರುತ್ತದೆ. ಅಕ್ಷಾಂಶ ರೇಖಾಂಶ ಓದೋಕಾಗಲ್ಲ. ಅಳತೆಯ ಕೋಷ್ಟಕ ಪಿಡಿಎಫ್‌ನಲ್ಲಿ ಫೋಟೋ ರೂಪದಲ್ಲಿ ಇರುತ್ತದೆ, ಒಂದೊಂದು ಅಂಕೆಯನ್ನೂ ಕೈಯಲ್ಲಿ ಟೈಪ್ ಮಾಡಿಕೊಳ್ಳಬೇಕು. ಹೀಗೆ ಕೊಟ್ಟರೆ ಕಾನೂನಿನ ಪ್ರಕಾರ 'ಬಹಿರಂಗ' ಮಾಡಿದಂತೆ ಆಯಿತು, ಪರೀಕ್ಷೆ ಮಾಡೋಕೆ ಯಾರಿಗೂ ಆಗದಂತೆಯೂ ಆಯಿತು. ವರದಿ ತಯಾರಿಸಿದವರ ಕಂಪ್ಯೂಟರಿನಲ್ಲಿ ಗಡಿಯನ್ನು ಅಕ್ಷಾಂಶ ರೇಖಾಂಶದಲ್ಲಿ ಹಿಡಿದಿಡುವ ಕೆಎಂಎಲ್‌ನಂಥ ಫೈಲ್ ಇದ್ದೇ ಇರುತ್ತದೆ, ಅದಿಲ್ಲದೆ ಆ ನಕ್ಷೆ ಬರೆಯೋಕೇ ಆಗುವುದಿಲ್ಲ. ಅಂಕಿಗಳೂ ಎಕ್ಸೆಲ್‌ನಲ್ಲೇ ಹುಟ್ಟಿರುತ್ತವೆ. ಅದನ್ನು ಪ್ರಿಂಟ್ ತೆಗೆದು ಮತ್ತೆ ಸ್ಕ್ಯಾನ್ ಮಾಡುವ ಶ್ರಮ ಯಾಕೆ? ಆಕ್ಷೇಪಣೆ ಬರೆಯುವವರು ಬೇರೆ ಏನೂ ಕೇಳದಿದ್ದರೂ ಇವೆರಡನ್ನು ಕೇಳಿ: ಗಡಿಯ ಫೈಲ್, ಮತ್ತೆ ಪ್ರತಿ ಅಳತೆಯ ತಾರೀಕು, ಸಮಯ, ಜಾಗ ಇರುವ ಕಚ್ಚಾ ಅಂಕಿ.

ನಾವು ಮಾಡಿದ ಕೆಲಸಕ್ಕೂ ಅದೇ ನಿಯಮ. ನಕ್ಷೆ ಹಂಚಿಕೊಳ್ಳುವಾಗ ಯಾವ ಉಪಗ್ರಹ, ಯಾವ ದಿನ, ಮೋಡ ಎಷ್ಟಿತ್ತು, ಯಾವ ಸೂತ್ರ, ಗಡಿ ಎಲ್ಲಿಂದ ತಂದಿರಿ ಎಲ್ಲವನ್ನೂ ಚಿತ್ರದ ಕೆಳಗೇ ಬರೆಯಿರಿ. ಆಮೇಲೆ ಆ ಜಾಗಕ್ಕೆ ಹತ್ತಿರ ಇರುವ ಒಬ್ಬರಿಗೆ ಕಳಿಸಿ, ಹೋಗಿ ನಾಲ್ಕು ಫೋಟೋ ತೆಗೆದು ಲೊಕೇಶನ್ ಸಮೇತ ಕಳಿಸಿ ಅಂತ ಕೇಳಿ. ಪಿಕ್ಸೆಲ್‌ನಲ್ಲಿ ಕೆಂಪಾಗಿ ಕಂಡಿದ್ದು ಹೊಸದಾಗಿ ಅಗೆದ ಮಣ್ಣೋ, ಕೊಯ್ಲಾದ ಹೊಲವೋ ಅಂತ ಅವರು ಐದು ನಿಮಿಷದಲ್ಲಿ ಹೇಳುತ್ತಾರೆ.