ಹ್ಯಾಮಕ್ (ಎರಡು ಮರಗಳ ನಡುವೆ ಕಟ್ಟಿ ಮಲಗೋ ಬಟ್ಟೆಯ ತೂಗುಹಾಸಿಗೆ) ಬಿಗಿಯಾಗಿ ಕಟ್ಟಿದ್ರೆ ಬೆನ್ನು ನೇರ ಇರುತ್ತಾ? ಒಂದು ಸ್ಪಷ್ಟನೆ

"ಹ್ಯಾಮಕ್‌ನ ಎಷ್ಟು ಬಿಗಿಯಾಗಿ ಎಳೆದು ಕಟ್ಟುತ್ತೀರೋ ಅಷ್ಟು ಸಪಾಟಾಗಿ ಮಲಗಬಹುದು" ಅನ್ನೋ ಸಲಹೆ ಹೊಸಬರ ನಡುವೆ ಓಡಾಡುತ್ತಿದೆ. ಇದು ತಪ್ಪು. ನಾನೂ ಮೊದಲು ಹಾಗೇ ಕಟ್ಟಿ ರಾತ್ರಿಯಿಡೀ ಒದ್ದಾಡಿದ್ದೇನೆ, ಹಾಗಾಗಿ ನಂಬಿದವರನ್ನು ಬೈಯಲ್ಲ.

ಬಿಗಿ ಮಾಡಿದಾಗ ಬಟ್ಟೆಯ ಎರಡೂ ಅಂಚು ಮೇಲೆದ್ದು ಭುಜ ಹಿಂಡುತ್ತವೆ, ಅಡ್ಡ ಮಲಗೋಕೆ ಜಾಗವೇ ಸಿಗಲ್ಲ. ಬದಲಿಗೆ ಹ್ಯಾಮಕ್ಕನ್ನು ಮರಕ್ಕೆ ಕಟ್ಟೋ ಪಟ್ಟಿಗಳು ನೆಲಕ್ಕೆ ಸುಮಾರು 30 ಡಿಗ್ರಿ ಓರೆಯಾಗಿರಲಿ, ನಡುವೆ ಚೆನ್ನಾಗಿ ಜೋತುಬೀಳಲಿ. ಆಮೇಲೆ ತಲೆ ಒಂದು ಪಕ್ಕಕ್ಕೆ, ಕಾಲು ಇನ್ನೊಂದು ಪಕ್ಕಕ್ಕೆ ಇಟ್ಟು ಓರೆಯಾಗಿ ಮಲಗಿ. ಬೆನ್ನು ನೇರ ಆಗೋದು ಹೀಗೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. 70 ಕೆ.ಜಿ. ತೂಕದವರು ಮಲಗಿದರೆ, 30 ಡಿಗ್ರಿಯಲ್ಲಿ ಒಂದೊಂದು ಪಟ್ಟಿಯ ಮೇಲೆ ಸುಮಾರು 70 ಕೆ.ಜಿ. ಭಾರ ಬೀಳುತ್ತದೆ, ಅದೇ 10 ಡಿಗ್ರಿಗೆ ಬಿಗಿ ಮಾಡಿದರೆ ಹತ್ತಿರಹತ್ತಿರ 200 ಕೆ.ಜಿ., 5 ಡಿಗ್ರಿಗೆ ಇಳಿದರೆ 400! ಮರ, ಗಂಟು, ಕೊಕ್ಕೆ ಎಲ್ಲದರ ಮೇಲೂ ಸುಮ್ನೆ ಒತ್ತಡ, ಅಲ್ವಾ?

ಪ್ರತಿ ಸಲ ಕೋನ ಅಳೆಯೋದು ಬೇಜಾರು ಅನಿಸಿದರೆ ಹ್ಯಾಮಕ್‌ನ ಎರಡು ತುದಿಗಳ ನಡುವೆ, ಅದರ ಉದ್ದದ ಸುಮಾರು 83% ಇರುವ ಹಿಗ್ಗದ ಹಗ್ಗ ಕಟ್ಟಿಬಿಡಿ. ಮರಗಳ ಅಂತರ ಸ್ವಲ್ಪ ಹೆಚ್ಚುಕಮ್ಮಿ ಆದರೂ ಜೋತು ಒಂದೇ ಥರ ಇರುತ್ತದೆ. ಹಗ್ಗ ಬೆರಳಲ್ಲಿ ಹಿಡಿದರೆ ಸ್ವಲ್ಪ ಬಾಗಬೇಕು. ತಂತಿ ಥರ ಬಿಗಿದಿದ್ದರೆ ಪಟ್ಟಿ ಸಡಿಲಿಸಿ.