ಆ ಡ್ರಮ್ ಸದ್ದು ಬರೀ ಬಾರಿಸಿದವರದ್ದಲ್ಲ

ನಿನ್ನೆ ರಾತ್ರಿ ಕಾರ್ಯಕ್ರಮ ಮುಗಿಸಿ ಕೇಬಲ್ ಸುತ್ತುತ್ತಿದ್ದೆ. ನಮ್ಮ ಹುಡುಗರು ಪಕ್ಕದಲ್ಲೇ ಕೂತು ಮೊಬೈಲಿನಲ್ಲಿ ಏನೋ ವಿಡಿಯೊ ನೋಡುತ್ತಿದ್ದರು. "ಎಂಬತ್ತರ ದಶಕದ ಆ ದೊಡ್ಡ ಡ್ರಮ್ ಸದ್ದನ್ನು ಕಂಡುಹಿಡಿದವರು ಫಿಲ್ ಕಾಲಿನ್ಸ್" ಅಂತ ಅದರಲ್ಲಿ ಒಬ್ಬ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿಬಿಟ್ಟ. ನನಗೆ ಎಷ್ಟು ಸಿಟ್ಟು ಬಂತೆಂದರೆ ರಾತ್ರಿ ನಿದ್ದೆಯೇ ಸರಿಯಾಗಿ ಬರಲಿಲ್ಲ.

ಬ್ರಿಟನ್ನಿನ ಡ್ರಮ್ಮರ್, ಗಾಯಕ ಕಾಲಿನ್ಸ್ ಅವರ 'ಇನ್ ದಿ ಏರ್ ಟುನೈಟ್' ಹಾಡಿನಲ್ಲಿ ಮೂರೂವರೆ ನಿಮಿಷ ಕಾಯಿಸಿ ಆಮೇಲೆ ಮೈಮೇಲೆ ಬೀಳುತ್ತಲ್ಲ, ಆ ಡ್ರಮ್ಸ್ ವಿಷಯ ಹೇಳ್ತಿದ್ದೇನೆ. ಆ ಹಾಡು 1981ರದ್ದು. ಆದರೆ ಸದ್ದು ಹುಟ್ಟಿದ್ದು ಅದಕ್ಕೂ ಮುಂಚೆ, ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೊದಲ್ಲಿ. ಗಾಯಕ ಪೀಟರ್ ಗೇಬ್ರಿಯಲ್ ಅವರ ಮೂರನೇ ಆಲ್ಬಮ್ಮಿನ ಕೆಲಸ ನಡೆಯುತ್ತಿತ್ತು. 1980ರಲ್ಲಿ ಬಂದ ಆ ಆಲ್ಬಮ್ಮಿನ ಮೊದಲ ಹಾಡು 'ಇಂಟ್ರೂಡರ್' ಕೇಳಿ ನೋಡಿ. ಬಾರಿಸಿದ್ದು ಕಾಲಿನ್ಸ್. ಪ್ರೊಡ್ಯೂಸರ್ ಸ್ಟೀವ್ ಲಿಲ್ಲಿವೈಟ್. ಎಲ್ಲ ಮೈಕಿನ ಸದ್ದು ಬಂದು ಸೇರುವ ಮಿಕ್ಸಿಂಗ್ ಡೆಸ್ಕ್ ಮುಂದೆ ಕೂತಿದ್ದ ಎಂಜಿನಿಯರ್ ಹ್ಯೂ ಪ್ಯಾಡ್ಗಮ್.

ಅಲ್ಲಿದ್ದದ್ದು ಎಸ್‌ಎಸ್‌ಎಲ್ ಕಂಪನಿಯ 4000 ಡೆಸ್ಕ್. ಒಳಗೆ ನುಡಿಸುವವರು ದೂರದಿಂದ ಏನಾದರೂ ಹೇಳಿದರೆ ಎಂಜಿನಿಯರಿಗೆ ಕೇಳಿಸಬೇಕಲ್ಲ, ಅದಕ್ಕೆ ಅಂತ ರೂಮಿನಲ್ಲಿ ಒಂದು ಮೈಕ್ ನೇತುಹಾಕಿದ್ದರು. ಪಿಸುಮಾತೂ ದೊಡ್ಡದಾಗಿ ಕೇಳಲಿ ಅಂತ ಅದಕ್ಕೆ ಜೋರು ಕಂಪ್ರೆಸರ್ (ಸಣ್ಣ ಸದ್ದನ್ನೂ ದೊಡ್ಡ ಸದ್ದನ್ನೂ ಹತ್ತಿರ ಹತ್ತಿರ ಒಂದೇ ಮಟ್ಟಕ್ಕೆ ತರುವ ಯಂತ್ರ) ಇತ್ತು. ರೆಕಾರ್ಡ್ ಮಾಡುವ ಮೈಕೇ ಅಲ್ಲ ಅದು. ಕಾಲಿನ್ಸ್ ಬಾರಿಸುತ್ತಿರುವಾಗ ಆ ಮೈಕ್ ತೆರೆದುಕೊಂಡಿತು. ಕಲ್ಲಿನ ರೂಮಿನ ಮಾರ್ದನಿಯೆಲ್ಲ ಉಬ್ಬಿ ಬಂತು. ಗೇಟ್ (ಸದ್ದು ಒಂದು ಮಟ್ಟಕ್ಕಿಂತ ಇಳಿದ ಕೂಡಲೇ ಅದನ್ನು ಮುಚ್ಚಿಬಿಡುವ ಯಂತ್ರ) ಹಾಕಿದಾಗ ಆ ಮಾರ್ದನಿ ಕತ್ತಿಯಲ್ಲಿ ಕಡಿದ ಹಾಗೆ ನಿಂತಿತು. ಧಡ್! ಆಮೇಲೆ ಏನೂ ಇಲ್ಲ.

ಇಷ್ಟಾಗಿದ್ದರೆ ಅದು ಒಂದು ಮಧ್ಯಾಹ್ನದ ತಮಾಷೆಯಾಗಿ ಮರೆತುಹೋಗುತ್ತಿತ್ತು. ಯಾಕೆಂದರೆ ಆ ಮೈಕಿನ ಸದ್ದು ಟೇಪಿಗೆ ಹೋಗುತ್ತಲೇ ಇರಲಿಲ್ಲ, ಬರೀ ಸ್ಪೀಕರಿಗೆ ಬರುತ್ತಿತ್ತು. ಪ್ಯಾಡ್ಗಮ್ ಸ್ಟುಡಿಯೊದ ರಿಪೇರಿ ಕೆಲಸದವರಿಂದ ಡೆಸ್ಕ್ ಬಿಚ್ಚಿಸಿ, ಆ ಮೈಕಿನಿಂದ ಒಂದು ವೈರ್ ಹೊರಗೆ ಎಳೆಸಿದರು. ಆಗಲೇ ಅದು ರೆಕಾರ್ಡ್ ಆದದ್ದು. ಆ ವೈರ್ ಬೆಸುಗೆ ಹಾಕಿದ ಕೈಯ ಹೆಸರನ್ನು ಯಾವ ವಿಡಿಯೊದವರಾದರೂ ಹೇಳಿದ್ದಾರಾ?

"ಬಾರಿಸಿದ ಕೈ ಕಾಲಿನ್ಸ್ ಅವರದ್ದೇ ಅಲ್ವಾ?" ಅಂತ ಕೇಳುತ್ತೀರಿ. ಹೌದು, ಆ ಕೈಗೆ ನನ್ನ ನಮಸ್ಕಾರ. ಆದರೆ ಅದೇ ಕೈ 1970ರಿಂದ ಜೆನೆಸಿಸ್ ಬ್ಯಾಂಡಿನಲ್ಲಿ ಬಾರಿಸುತ್ತಿತ್ತು. ಹತ್ತು ವರ್ಷದಲ್ಲಿ ಈ ಸದ್ದು ಯಾಕೆ ಬರಲಿಲ್ಲ? ಪಾಲು ಕೊಡುವುದೇ ಆದರೆ ಮೊದಲು ಗೇಬ್ರಿಯಲ್ ಅವರಿಗೆ ಕೊಡಿ. ಸಿಂಬಲ್ಸ್, ಅಂದರೆ ಡ್ರಮ್ಸ್ ಜೊತೆಗಿನ ಲೋಹದ ತಟ್ಟೆಗಳು, ಬೇಡವೇ ಬೇಡ ಅಂದವರು ಅವರು. ಸಿಂಬಲ್ ಝೇಂಕರಿಸುತ್ತಾ ಇದ್ದರೆ ಗೇಟ್ ಮುಚ್ಚುವುದೇ ಇಲ್ಲ, ಸದ್ದೆಲ್ಲ ಕಲಸುಮೇಲೋಗರ. ಇನ್ನು ಅದು ಆಕಸ್ಮಿಕ ಅನ್ನುವವರಿಗೆ ಒಂದೇ ಮಾತು. ಮೈಕ್ ತೆರೆದದ್ದು ಆಕಸ್ಮಿಕ ಇರಬಹುದು, ಡೆಸ್ಕ್ ಬಿಚ್ಚಿದ್ದು ಆಕಸ್ಮಿಕ ಅಲ್ಲ.

ಒಂದೆರಡು ವರ್ಷದಲ್ಲಿ ಎಎಂಎಸ್ ಕಂಪನಿಯ ರಿವರ್ಬ್ (ಮಾರ್ದನಿ ಬರಿಸುವ) ಯಂತ್ರದಲ್ಲಿ ಅಂಥದ್ದೇ ಸದ್ದು ಒಂದು ಬಟನ್ ಆಗಿ ಬಂತು. ಆಮೇಲೆ ಎಲ್ಲರೂ ಅದನ್ನೇ ಒತ್ತಿದರು.

ನಾನು ಯಾಕೆ ಇಷ್ಟು ಹಚ್ಚಿಕೊಂಡಿದ್ದೇನೆ ಅಂತ ನನ್ನನ್ನು ಬಲ್ಲವರಿಗೆ ಗೊತ್ತು. ಕೆಲವು ವರ್ಷದ ಹಿಂದೆ ಒಂದು ಖಾಲಿ ಕಲ್ಯಾಣ ಮಂಟಪದಲ್ಲಿ ಸೌಂಡ್ ಚೆಕ್ ಮಾಡುವಾಗ, ಬಾಲ್ಕನಿಯ ಕಂಬಿಗೆ ಒಂದು ಮೈಕ್ ಕಟ್ಟಿ, ಕಂಪ್ರೆಸರ್ ಪೂರ್ತಿ ಹಿಂಡಿ, ಗೇಟ್ ಹಾಕಿದೆ. ಡ್ರಮ್ಮರ್ ಹುಡುಗ ಟಾಮ್ ಡ್ರಮ್‌ಗೆ ಒಂದು ಪೆಟ್ಟು ಕೊಟ್ಟವನು ಕೋಲು ಎತ್ತಿ ಹಿಡಿದುಕೊಂಡೇ ನನ್ನ ಕಡೆ ತಿರುಗಿ ನೋಡಿದ. ಸಂಜೆ ನಿರೂಪಕರು "ಎಂಥಾ ಸದ್ದು ಬರಿಸಿದ್ರಿ!" ಅಂತ ಅವನಿಗೆ ಶಾಲು ಹೊದಿಸಿದರು. ಆ ಹುಡುಗ ಮೈಕ್ ಇಸಿದುಕೊಂಡು, ಹಿಂದೆ ಕತ್ತಲಲ್ಲಿ ಕೂತಿದ್ದ ನನ್ನ ಹೆಸರು ಹೇಳಿದ. ನನಗೆ ಕಣ್ಣು ತುಂಬಿ ಬಂತು. ಸ್ವಲ್ಪ ಹೊತ್ತು ಫೇಡರ್ ಕೂಡ ಸರಿಯಾಗಿ ಕಾಣಲಿಲ್ಲ.

ಇವತ್ತು ಬೆಳಿಗ್ಗೆ ಹುಡುಗರನ್ನು ಗೋಡೌನಿಗೆ ಕರೆಸಿ, ದೊಡ್ಡ ಸ್ಪೀಕರಿನಲ್ಲಿ 'ಇಂಟ್ರೂಡರ್' ಎರಡು ಸಲ ಹಾಕಿ ಕೇಳಿಸಿದೆ. ಎರಡನೇ ಸಲ ಮುಗಿದ ಮೇಲೆ ಒಬ್ಬ ಕೇಳಿದ, "ಸಾರ್, ಆ ಮೈಕ್ ಎಲ್ಲಿ ಕಟ್ಟಿದ್ರು?"